ಒಂಬತ್ತು ಮೊಳದ ಡೆಕ್

ಮಹಾಲಕ್ಷ್ಮಿ ಮೂರನೇ ಸಲ ಟೇಪ್ ಹಿಡಿದಳು. ಹಿಂದಿನ ಎರಡು ಸಲ ಹೇಳಿದ್ದನ್ನೇ ಅದು ಮತ್ತೆ ಹೇಳಿತು.

“ಇಪ್ಪತ್ತೆರಡೂವರೆ ಇಂಚು ಕಮ್ಮಿ ಇದೆ ಕಣ್ರೀ. ಇದು ಡೆಕ್ಕಾ, ಡೈನಿಂಗ್ ಟೇಬಲ್ಲಾ?”

ಎದುರಿಗೆ ನಿಂತಿದ್ದ ಬಡಗಿ ರೇವಣಸಿದ್ದ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅದರ ಮೊನೆ ನೋಡಿ, ಮತ್ತೆ ಕಿವಿಗೇ ಸಿಕ್ಕಿಸಿದ.

“ಅಗಲದಾಗೂ ಹದಿನೇಳೂವರೆ ಕಮ್ಮಿ ಐತ್ರಿ,” ಎಂದ, ಮರೆತದ್ದನ್ನು ನೆನಪಿಸಿಕೊಡುವವನ ವಿನಯದಿಂದ.

ಅವಳಿಗೆ ಟೇಪನ್ನು ಅವನ ಮೇಲೆಸೆಯಬೇಕು ಎನ್ನಿಸಿತು. ಎಸೆಯಲಿಲ್ಲ. ಟೇಪು ಅವನದೇ ಆಗಿತ್ತು.

ಹೂಡಿಯ ಆ ನಾಲ್ಕು ಮಹಡಿ ಮನೆಯ ತಾರಸಿಯ ಮೇಲೆ ನಾಲ್ಕು ಕಬ್ಬಿಣದ ಕಂಬಗಳು ನಿಂತಿದ್ದವು. ಅವುಗಳ ನಡುವೆ ಹೊನ್ನೆ ಮರದ ಡೆಕ್ ಮಲಗಿತ್ತು. ಜೇನಿನ ಬಣ್ಣ. ಅಂಗೈ ಆಡಿಸಿದರೆ ಒಂದು ಸಿಬಿರೂ ತಗುಲದು. ಕೆಲಸದಲ್ಲಿ ಎಳ್ಳಷ್ಟು ಊನವಿಲ್ಲ. ಆದರೆ ಆ ಕಂಬಗಳ ನಡುವೆ ಅದು ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ಕಾಣುತ್ತಿತ್ತು.

ಶ್ರಾವಣಕ್ಕೆ ಇನ್ನು ನಾಲ್ಕೇ ದಿನ. ಶ್ರಾವಣದ ಶನಿವಾರಗಳಲ್ಲಿ ಅವಳ ಅಪ್ಪ ಮುನಿಯಣ್ಣ ಪುರಾಣ ಓದುತ್ತಿದ್ದರು. ಅಜ್ಜನ ಕಾಲದಿಂದ ಬಂದ ನಡೆ. ಮೊದಲು ಮನೆಯ ಮುಂದಿನ ಜಗಲಿಯಲ್ಲಿ ನಡೆಯುತ್ತಿತ್ತು. ಮನೆ ಮೇಲೆದ್ದಾಗ ಜಗಲಿಯ ಜಾಗದಲ್ಲಿ ಲಿಫ್ಟ್ ಬಂತು, ಓದು ತಾರಸಿಗೆ ಏರಿತು. ಕೇಳಲು ಬರುವವರ ಮಂಡಿಗಳಿಗೆ ಕಾಂಕ್ರೀಟಿನ ತಂಪು ಹಿಡಿಸಲಿಲ್ಲ. ಹೋದ ವರ್ಷ ಕಡೆಯ ಶನಿವಾರಕ್ಕೆ ಉಳಿದವರು ನಾಲ್ಕೇ ಜನ. ಆದ್ದರಿಂದ ಕೂರಲು ಮರದ ಡೆಕ್, ಮೇಲೆ ಮಳೆ ತಡೆಯಲು ಕಂಬ ನೆಟ್ಟು ಶೀಟು. ಇಷ್ಟೇ ಕೆಲಸ. ಇಷ್ಟಕ್ಕೆ ಎರಡು ತಿಂಗಳು.

ಏದುಸಿರು ಬಿಡುತ್ತಾ ಮುನಿಯಣ್ಣ ಮೇಲೆ ಬಂದರು. ಬಂದವರೇ ಹಲಗೆಯ ಮೇಲೆ ಬಗ್ಗಿ, ಮೊಣಕೈ ಊರಿ, ಮೊಳ ಹಾಕುತ್ತಾ ಹೋದರು.

“ಎಂಟು ಮೊಳಕ್ಕೂ ನಾಲ್ಕು ಬೆರಳು ಕಮ್ಮಿ! ಏನಯ್ಯಾ, ಒಂಬತ್ತು ಮೊಳ ಅಂದಿದ್ದು ಕಿವೀಗೆ ಬೀಳ್ನಿಲ್ವಾ? ವಾಸ್ತುಗೆ ಆಯ ಲೆಕ್ಕ ಆಕ್ಸಿ ಏಳಿದ್ದು ಕಣಯ್ಯಾ, ಒಂಬತ್ತು ಉದ್ದ, ಏಳು ಅಗಲ, ಮನೆಯವರ ಮೊಳದಲ್ಲಿ. ಕಂಬಕ್ಕೆ ಪೀಣ್ಯದ ಪಾಪಯ್ಯ ನನ್ ಕೈ ಅಳ್ತೆ ತಗೊಂಡೋದ, ಕರೆಕ್ಟಾಗಿ ನೆಟ್ಟ. ನೀನು ಯಾರ ಮೊಳ ಇಡ್ಕೊಂಡು ಕುಯ್ದೆ?”

ರೇವಣಸಿದ್ದನ ಕಣ್ಣು ಮಹಾಲಕ್ಷ್ಮಿಯ ಕಡೆ ಬಂತು. ರೆಪ್ಪೆ ಬಡಿಯುವಷ್ಟು ಹೊತ್ತೂ ಅಲ್ಲ. ಹಲಗೆಗೆ ಹಿಂದಿರುಗಿತು.

“ತಪ್ಪು ನಂದ ಐತ್ರಿ, ಯಜಮಾನ್ರ.”

“ನಿಂದಲ್ದೆ ಇನ್ಯಾರ್ದು! ಈ ಅಳ್ತೇಲಿ ಓಗಿ ಗೋವಾದ ಓಟ್ಲುಗಳಿಗೆ ಡೆಕ್ ಆಕ್ತೀಯಾ? ನಿನ್ನ ಕಳಿಸ್ದ ಆ ಕಂಟ್ರಾಕ್ಟರ್ ಮುರಿಗೆಪ್ಪನಿಗೇ ಫೋನ್ ಮಾಡ್ತೀನಿ. ಮೊಳ ಅಳೆಯೋಕೆ ಬಾರದವನ್ನ ಮೇಸ್ತ್ರಿ ಮಾಡ್ಕೊಂಡು ಗೋವಾಕ್ಕೆ ಓಗ್ತಾ ಇದೀಯಲ್ಲಪ್ಪಾ, ಉಷಾರು ಅಂತ.”

ಮಹಾಲಕ್ಷ್ಮಿ ಬಾಯಿ ತೆರೆದಳು. ಹಾಗೇ ಮುಚ್ಚಿದಳು.

ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಲ್ಲಿ ಕಂಟ್ರಾಕ್ಟರುಗಳ ಕೆಲಸದ ತಪ್ಪು ಹುಡುಕಿ ಪಟ್ಟಿ ಮಾಡುವುದು ಅವಳ ಉದ್ಯೋಗ. ಏಳು ವರ್ಷದಲ್ಲಿ ಸಾವಿರ ಪಟ್ಟಿ ಬರೆದಿರಬಹುದು. ಅವುಗಳಲ್ಲಿ ಒಂದರಲ್ಲೂ ಅವಳ ಹೆಸರು ಬಂದಿರಲಿಲ್ಲ.

ಆ ಮೊಳ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಅದು ಜ್ಯೇಷ್ಠದ ಒಂದು ಬೆಳಗು. ಅಪ್ಪ ಮಾಲೂರಿನಲ್ಲಿ ಯಾರದೋ ತಿಥಿಗೆ ಹೋಗಿದ್ದರು. ಅಮ್ಮ ಕೆಳಗೆ ಅಡುಗೆಮನೆಯಲ್ಲಿ. ಕಂಪನಿ ಬಸ್ಸಿಗೆ ಹನ್ನೆರಡೇ ನಿಮಿಷ ಉಳಿದಿತ್ತು. ಆಗ ಬಂದ ಈ ಮನುಷ್ಯ, ಕೈಯಲ್ಲಿ ಒಂದು ಬಿದಿರಿನ ಪಟ್ಟಿ ಹಿಡಿದುಕೊಂಡು.

“ಯಜಮಾನರ ಮೊಳ ಬೇಕ್ರಿ.”

“ಅಪ್ಪ ಊರಲ್ಲಿಲ್ಲ. ಅಡಿ-ಇಂಚಲ್ಲಿ ಹೇಳ್ತೀನಿ, ಬರ್ಕೊಳ್ಳಿ.”

“ಹಂಗ ನಡಿಯೂದಿಲ್ರಿ. ಮನಿ ಮಂದಿ ಕೈ ಬೇಕ್ರಿ. ಮೊಣಕೈಯಿಂದ ನಡುಬೆರಳ ತುದಿತನಾ.”

“ನನ್ ಕೈ ತಗೊಳ್ಳಿ ಮತ್ತೆ.”

“ಯಜಮಾನರದು…”

“ನೀರಿನ ಟ್ಯಾಂಕರ್ ಕರೆಸೋದು ನಾನು. ಲಿಫ್ಟ್ ಕೆಟ್ರೆ ಬೈಯೋದು ನಾನು. ನಾನೇ ಯಜಮಾನಿ. ಅಳೀರಿ ಬೇಗ.”

ಚಾಚಿದ ಕೈಯನ್ನು ಅವನು ಒಂದು ಕ್ಷಣ ನೋಡಿದ. ಮುಟ್ಟದೆಯೇ ಪಟ್ಟಿ ಇಡಲು ಹೋದ. ಅದು ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಕಡೆಗೆ ಎರಡೇ ಬೆರಳಿನಿಂದ, ಮಲ್ಲಿಗೆಯ ತೊಟ್ಟು ಹಿಡಿಯುವ ಹಾಗೆ, ಅವಳ ಮಣಿಕಟ್ಟು ಹಿಡಿದ.

“ಬೆರಳು ಚಾಚ್ರಿ.”

“ಚಾಚಿದೀನಿ.”

“ಪೂರ್ತಿ ಚಾಚ್ರಿ. ಅಂಜಬ್ಯಾಡ್ರಿ.”

“ನಾನ್ಯಾಕೆ ಹೆದರ್ಲಿ?”

ಅವನು ನಗಲಿಲ್ಲ. ಆದರೆ ಅವನ ಹುಬ್ಬಿನ ಕೊನೆಯಲ್ಲಿ ಏನೋ ಒಂದು ಅಲುಗಿತು. ಬೆರಳ ತುದಿಯಲ್ಲಿ ಪೆನ್ಸಿಲಿನ ಗೀಟು ಬಿತ್ತು. ಕೈ ಬಿಟ್ಟ. ಅಷ್ಟೇ.

ಬಸ್ಸು ಹೋಗಿತ್ತು. ಆಟೋದಲ್ಲಿ ದಾರಿಯುದ್ದಕ್ಕೂ ಅವಳು ಮಣಿಕಟ್ಟು ನೋಡಿಕೊಂಡು ಸಿಡುಕಿದಳು. ಯಾರ ಮೇಲೆ ಎಂಬುದು ಖಾತ್ರಿಯಾಗಲಿಲ್ಲ.

ಆಮೇಲೆ ಅವನು ತಾರಸಿಯ ನೀರಿನ ಇಳಿಜಾರು ನೋಡಬೇಕೆಂದು ಆರು ಸಲ ಬಂದ. ಒಂದು ತಾರಸಿಗೆ ಎಷ್ಟು ಇಳಿಜಾರು ಇರಲು ಸಾಧ್ಯ? “ಯಾವಾಗ ಮುಗಿಯುತ್ತೆ?” ಎಂದು ಆರು ಸಲವೂ ಕೇಳಿದಳು. “ಆಗ್ತದ್ರಿ” ಎಂದು ಆರು ಸಲವೂ ಹೇಳಿದ. ಆ ಮಾತು ಕೇಳಿದರೆ ಅವಳ ಮೈ ಉರಿಯುತ್ತಿತ್ತು. ಏಳನೆಯ ಸಲ ಯಾವಾಗ ಕೇಳಿಸೀತೆಂದು ಲಿಫ್ಟಿನ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಅದಕ್ಕೆ ಇನ್ನೂ ಉರಿಯುತ್ತಿತ್ತು.

ಡೆಕ್ಕನ್ನು ಅವನು ತನ್ನ ಶೆಡ್ಡಿನಲ್ಲಿ ಭಾಗ ಭಾಗವಾಗಿ ಮಾಡಿದ. ಇತ್ತ ಅಪ್ಪ ಕಂಬ ನೆಡಿಸಿದರು. ಒಬ್ಬರ ಮೊಳ ಇನ್ನೊಬ್ಬರಿಗೆ ಗೊತ್ತಿಲ್ಲದೆ ಎರಡೂ ಬೆಳೆದವು. ಸೋಮವಾರ ಹಲಗೆಗಳು ತಾರಸಿಗೆ ಬಂದು ಕೂತವು.

*

ಮಂಗಳವಾರ ಅವಳು ಅರ್ಧ ದಿನ ರಜೆ ಹಾಕಿದಳು. ಬೈಯುವುದಕ್ಕೇ ಹಾಕಿದಳು.

ಕೊರತೆ ಬಿದ್ದಷ್ಟಕ್ಕೆ ಅಂಚಿಗೆ ಹೊಸ ಹಲಗೆ ಕೂಡಿಸುವುದಾಗಿ ಹೇಳಿ, ರೇವಣಸಿದ್ದ ನಾಲ್ಕು ತುಂಡು ತಂದಿದ್ದ. ಅವುಗಳ ಬಣ್ಣ ಬೇರೆ. ಮೊದಲು ಬಣ್ಣಕ್ಕೆ ಬೈದಳು. ಸ್ಕ್ರೂಗಳಿಗೆ ಬೈದಳು. ಮರದ ಹೊಟ್ಟು ಕೆಳಗಿನ ಮನೆಯವರ ಬಟ್ಟೆಗೆ ಹಾರುವುದಕ್ಕೆ ಬೈದಳು. ಹೂಡಿಯ ಟ್ರಾಫಿಕ್ಕಿಗೂ ಅವನಿಗೂ ಸಂಬಂಧವಿಲ್ಲದಿದ್ದರೂ ಅದನ್ನೂ ಸೇರಿಸಿದಳು.

ಅವನು ಉಜ್ಜುಗೊರಡು ತಳ್ಳುತ್ತಿದ್ದ. ಅವಳು ಉಸಿರಿಗೆ ನಿಂತಾಗ ಅವನೂ ನಿಲ್ಲುತ್ತಿದ್ದ, ಓದುವವರು ಪದ್ಯ ಮುಗಿಸಿ ಉಸಿರೆಳೆದುಕೊಳ್ಳುವಾಗ ಕೇಳುವವರು ಕಾಯುವ ಹಾಗೆ.

“ಮುಗೀತೇನ್ರಿ?”

“ಇಲ್ಲ!”

“ಹಂಗಾದ್ರ ನಡೀಲ್ರಿ.”

ಒಂದು ಗಂಟೆ ನಡೆಯಿತು. ಅವನು ಒಂದು ಮಾತಿಗೂ ಎದುರಾಡಲಿಲ್ಲ. ಕೆಳಗಿಳಿಯುವಾಗ ಅವಳ ಗಂಟಲು ಒಣಗಿತ್ತು. ಬೈಯಬೇಕಾದ ಒಂದೇ ಒಂದು ವಿಷಯ ಹಾಗೇ ಉಳಿದುಹೋಗಿತ್ತು.

ಅದನ್ನು ಬುಧವಾರ ಆಫೀಸಿನಿಂದ ಬಂದವಳೇ ಕೇಳಿದಳು. ಕೈಚೀಲ ಹೆಗಲಲ್ಲೇ ಇತ್ತು.

“ಅಪ್ಪನ ಹತ್ರ ಯಾಕೆ ಸುಮ್ನಿದ್ರಿ? ನಿಮ್ಮ ಮಗಳ ಮೊಳ ಅಂತ ಒಂದು ಮಾತು. ಅಷ್ಟು ಹೇಳಿದ್ರೆ ನಿಮ್ಮ ಹೆಸರು ಉಳೀತಿತ್ತು.”

“ಯಜಮಾನ್ರು ಅಷ್ಟಕ್ಕ ಬಿಡ್ತಿರಲಿಲ್ರಿ. ಮುಂದಿನ ಮಾತು ಕೇಳ್ತಿದ್ರು.”

“ಯಾವ ಮುಂದಿನ ಮಾತು?”

ರೇವಣಸಿದ್ದ ಉಜ್ಜುಗೊರಡನ್ನು ಮಗ್ಗುಲಾಗಿ ಮಲಗಿಸಿದ.

“ನಾ ಇಲ್ಲದಾಗ ಮಗಳ ಕೈ ಹ್ಯಾಂಗ ಹಿಡದಿ ಅಂತ. ನಾಕು ಮಂದಿ ಕಿವೀಗೆ ಬಿದ್ರ ನಿಮಗ ಚಂದ ಅನಸೂದಿಲ್ರಿ.”

“ಅಯ್ಯೋ, ಅಳತೆಗೆ ಹಿಡಿದ್ರಿ! ಅದರಲ್ಲೇನಿದೆ? ಬರೀ ಅಳತೆ ಅಂತ ಹೇಳೋದು.”

“ಸುಳ್ಳ ಹೇಳಾಕ ನನಗ ಬರೂದಿಲ್ರಿ.”

ಪಕ್ಕದ ಕಟ್ಟಡದಲ್ಲಿ ಯಾರೋ ಒಗೆದ ಬಟ್ಟೆ ಕೊಡವಿದರು. ಮಹಾಲಕ್ಷ್ಮಿ ಹೆಗಲಿನಿಂದ ಜಾರುತ್ತಿದ್ದ ಚೀಲವನ್ನು ಮೇಲೆಳೆದುಕೊಂಡಳು. ಅದು ಮತ್ತೆ ಜಾರಿತು.

“ಎರಡು ತಿಂಗಳು!” ಎಂದಳು ಕಡೆಗೆ. ದನಿ ತನಗೇ ಕೀರಲಾಗಿ ಕೇಳಿಸಿತು. “ಎರಡು ತಿಂಗಳು ಇಳಿಜಾರು ನೋಡ್ಕೊಂಡು ಓಡಾಡಿ, ಭಾನುವಾರ ಗೋವಾಕ್ಕೆ ಹೋಗೋರು, ಬುಧವಾರ ಇದನ್ನ ಹೇಳ್ತೀರಾ?”

“ನೀವು ಬುಧವಾರ ಕೇಳಿದ್ರಿ.”

ಅವನು ಇನ್ನೂ ಏನನ್ನೋ ಹೇಳಲು ಬಾಯಿ ತೆರೆದ. ಅವಳು ನಿಲ್ಲಲಿಲ್ಲ. ಲಿಫ್ಟಿಗೂ ಕಾಯದೆ ನಾಲ್ಕು ಮಹಡಿಯ ಮೆಟ್ಟಿಲನ್ನು ದಡದಡನೆ ಇಳಿದಳು. ಇಳಿಯುತ್ತಾ ಒಂದು ಮಾತು ಸ್ಪಷ್ಟವಾಯಿತು. ಅವನ ಹೆಸರು ಉಳಿಯಬೇಕಾದರೆ ಆ ಬೆಳಗಿನ ಸಂಗತಿಯನ್ನು ತಾನೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮೊಳದ ಸಂಗತಿ ಒಂದೇ ಹೊರಗೆ ಬರುವುದಿಲ್ಲ.

*

ಗುರುವಾರ ಭೀಮನ ಅಮಾವಾಸ್ಯೆ. ಅವಳ ತಾಯಿ ಸುಬ್ಬಲಕ್ಷ್ಮಮ್ಮ ಬೆಳಿಗ್ಗೆಯೇ ಮಗಳನ್ನು ಮಣೆಯ ಮೇಲೆ ಕೂರಿಸಿ, ಒಳ್ಳೆಯ ಗಂಡ ಸಿಗಲೆಂದು ಪೂಜೆ ಮಾಡಿಸಿ, ಬಲಗೈಗೆ ಅರಿಸಿನದ ದಾರ ಕಟ್ಟಿದ್ದರು. ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದಾರೆ. ಬಂದ ಗಂಡುಗಳಲ್ಲೆಲ್ಲ ಮಗಳು ತಪ್ಪಿನ ಪಟ್ಟಿ ಮಾಡಿ ಕಳಿಸಿದ್ದಾಳೆ.

ಊಟವಾದ ಮೇಲೆ ಮುನಿಯಣ್ಣ ಕನ್ನಡಕ ಏರಿಸಿ ಫೋನಿನಲ್ಲಿ ನಂಬರ್ ಹುಡುಕತೊಡಗಿದರು.

“ಯಾರಿಗಪ್ಪಾ?”

“ಆ ಮುರಿಗೆಪ್ಪನಿಗೆ. ಅಬ್ಬದ ದಿವಸ ಬೇಡ ಅನ್ಕೊಂಡೆ. ಆದ್ರೆ ಅವರು ಭಾನುವಾರ ಒಂಟೋಗ್ತಾರೆ.”

“ಮಾಡ್ಬೇಡ.”

“ಯಾಕೆ?”

“ಮೊಳ ನಂದು.”

ಮುನಿಯಣ್ಣ ಕನ್ನಡಕದ ಮೇಲಿನಿಂದ ನೋಡಿದರು.

“ಅವತ್ತು ನೀನು ಮಾಲೂರಿಗೆ ಹೋಗಿದ್ದೆ. ಅವರು ಯಜಮಾನರ ಕೈಯೇ ಬೇಕು ಅಂದ್ರು. ನಾನೇ ಅವರ ಮಾತು ಕೇಳಿಸ್ಕೊಳ್ಳದೆ ನನ್ ಕೈ ಚಾಚ್ದೆ. ತಪ್ಪು ನಂದು.” ಆ ಕಡೆಯ ಎರಡು ಶಬ್ದಗಳು ಅವಳ ನಾಲಿಗೆಗೆ ಹೊಸವು. ಹಾಗಲಕಾಯಿಯಂತೆ ಕಚ್ಚಿದವು.

“ಮತ್ತೆ ಅವನ್ಯಾಕೆ ತನ್ನ ಮ್ಯಾಲಾಕ್ಕೊಂಡ?”

“ನನ್ ಹೆಸರು ಜನರ ಬಾಯಿಗೆ ಬರಬಾರದು ಅಂತ.”

ಫೋನು ಮೇಜಿನ ಮೇಲೆ ಕೂತಿತು. ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಸುಬ್ಬಲಕ್ಷ್ಮಮ್ಮ ಎಲೆಯ ತೊಟ್ಟು ಮುರಿಯುತ್ತಾ, ತಲೆಯೆತ್ತದೆ, ಮಜ್ಜಿಗೆ ಬೇಕಾ ಎಂದು ಕೇಳುವ ದನಿಯಲ್ಲೇ ಕೇಳಿದರು:

“ಅವನ ಮ್ಯಾಲೆ ನಿಂಗೆ ಮನ್ಸೈತೇನಮ್ಮಿ?”

“ಮನಸ್ಸಲ್ಲಮ್ಮ, ಸಿಟ್ಟು! ಎರಡು ತಿಂಗಳಿಂದ ಬರೀ ಸಿಟ್ಟು. ಬೆಳಿಗ್ಗೆ ಎದ್ದ ತಕ್ಷಣ ಬರುತ್ತೆ. ಅವರು ಬರೋದು ಲೇಟಾದ್ರೆ ಜಾಸ್ತಿ ಆಗುತ್ತೆ. ಬರದೇ ಇದ್ದ ದಿನ ಊಟಾನೇ ಸೇರಲ್ಲ. ಅಷ್ಟು ಸಿಟ್ಟು.”

ತಾಯಿ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

“ನಂಗೂ ನಿಮ್ಮಪ್ಪನ ಮ್ಯಾಲೆ ಇದೇ ಕಾಯಿಲೆ. ಮೂವತ್ತೈದು ವರ್ಸ ಆಯ್ತು. ಔಷಧಿ ಇಲ್ಲ ತಗೋ.”

ಮುನಿಯಣ್ಣ ಎದ್ದು ಚಪ್ಪಲಿ ಮೆಟ್ಟಿ ತಾರಸಿಗೆ ಹೋದರು. ರಜೆಯ ದಿನ, ಅಲ್ಲಿ ಯಾರೂ ಇರಲಿಲ್ಲ. ಹಲಗೆಗಳ ಮೇಲೆ ಅವರು ಅತ್ತಿಂದಿತ್ತ ನಡೆಯುವ ಸದ್ದು ಸಂಜೆಯವರೆಗೆ ಮೆಟ್ಟಿಲಲ್ಲಿ ಇಳಿದು ಬರುತ್ತಿತ್ತು. ಕೆಳಗೆ ಕೂತ ಮಗಳಿಗೆ ಅದರ ಅರ್ಥ ತಿಳಿಯಲಿಲ್ಲ.

*

ಶುಕ್ರವಾರ ಬೆಳಿಗ್ಗೆ ರೇವಣಸಿದ್ದ ಹೊಸ ಹಲಗೆಯ ತುಂಡನ್ನು ಅಂಚಿಗೆ ಹಿಡಿದು ನೋಡುತ್ತಿದ್ದ. ಮುನಿಯಣ್ಣ ಮೇಲೆ ಬಂದರು. ಹಿಂದೆಯೇ ಮಹಾಲಕ್ಷ್ಮಿ, ಆಫೀಸಿಗೆ ಹೊರಟ ಉಡುಪಿನಲ್ಲಿ, ಹೋಗದೆ.

“ಅದ್ನ ಕೆಳಗಿಡು,” ಎಂದರು ಮುನಿಯಣ್ಣ.

ಅವನು ಇಟ್ಟ.

“ಆ ತ್ಯಾಪೆ ಬೇಡ. ಅಲಗೆ ಸರಿಯಾಗವೆ. ಕಂಬ ತಪ್ಪವೆ. ಪಾಪಯ್ಯಂಗೆ ಏಳಿದೀನಿ, ಮಧ್ಯಾಹ್ನ ಬಂದು ಕಿತ್ತು, ಮ್ಯಾಲಿನ ಪಟ್ಟಿ ಕತ್ತರ್ಸಿ, ಒಳಕ್ಕೆ ನೆಡ್ತಾನೆ.”

ರೇವಣಸಿದ್ದನ ಮುಖದಲ್ಲಿ ಮೊದಲ ಸಲ ಗಾಬರಿ ಕಂಡಿತು. “ಆಯ ಯಜಮಾನರ ಮೊಳದಾಗ ಇರಬೇಕಲ್ರಿ.”

“ಯಜಮಾನಿ ಮೊಳದಾಗೆ ಐತಲ್ಲ, ಸಾಕು. ಇನ್ಮ್ಯಾಲೆ ಈ ಮನೇಲಿ ಅದೇ ಅಳ್ತೆ.” ಮುನಿಯಣ್ಣ ಗಂಟಲು ಸರಿಮಾಡಿಕೊಂಡರು. ಜನರ ಮುಂದೆ ತಡವರಿಸದೆ ಪದ್ಯ ಹೇಳುವವರು, ಈಗ ಮಾತು ಹುಡುಕಿದರು. “ನಿಮ್ಮೂರಲ್ಲಿ ಇರಿಯರು ಯಾರವ್ರೆ?”

“ಅವ್ವ ಅದಾಳ್ರಿ. ಸಿಂದಗಿ ಹತ್ರ. ಕಾಕಾ ಭೀಮಪ್ಪ ಅದಾನ್ರಿ.”

“ನಂಬರ್ ಕೊಟ್ಟಿರು. ನಮ್ ಜನ ಬೇರೆ, ನಿಮ್ ಜನ ಬೇರೆ. ಮಾತು ಸಲೀಸಾಗಿ ಏನೂ ಆಗಲ್ಲ. ನಮ್ಮೋರಲ್ಲಿ ಇಬ್ಬರು ಮೂವರು ಎದ್ದೋಗ್ತಾರೆ. ಓಗ್ಲಿ. ಶ್ರಾವಣ ಉಟ್ಟೈತೆ, ಮಾತಾಡನ.” ಮೆಟ್ಟಿಲ ಕಡೆ ತಿರುಗಿದವರು ಮತ್ತೆ ನಿಂತರು. “ನಿನ್ನ ಬೈದಿದ್ದು ತಪ್ಪಾಯ್ತು ಕಣಪ್ಪಾ. ಮನ್ಸಲ್ಲಿ ಇಟ್ಕೋಬೇಡ.”

ಅವರು ಇಳಿದು ಹೋದರು. ಇಬ್ಬರೂ ಅವರ ಹೆಜ್ಜೆಯ ಸದ್ದು ಮುಗಿಯುವವರೆಗೆ ಕಿವಿಗೊಟ್ಟು ನಿಂತರು.

“ಅವರಿಗೆ ಹೇಳಿದ್ರೇನ್ರಿ?” ಎಂದ ಅವನು.

“ಹೇಳ್ದೆ.”

“ಎಲ್ಲಾ?”

“ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳ್ದೆ. ನಿಮ್ಮದು ನನಗೆ ಪೂರ್ತಿ ಎಲ್ಲಿ ಗೊತ್ತು? ನೀವು ಬಾಯಿಬಿಟ್ರೆ ತಾನೆ! ಅಪ್ಪ ಶ್ರಾವಣ ಅಂತಾರೆ, ನೀವು ನಾಡಿದ್ದು ಗೋವಾ ಅಂತೀರಿ. ನಾನು ಇಲ್ಲಿ ಏನು ಮಾಡಲಿ? ಇಳಿಜಾರು ನೋಡ್ಕೊಂಡು ಕೂರ್ಲಾ?”

“ಗೋವಾಕ್ಕ ಹೋಗೂದಿಲ್ರಿ.”

“ಏನು?”

“ಬರೂದಿಲ್ಲ ಅಂತ ಮುರಿಗೆಪ್ಪನವರಿಗೆ ಹೇಳೀನ್ರಿ.”

“ಯಾವಾಗ?”

“ಮಂಗಳವಾರ.”

ಮಹಾಲಕ್ಷ್ಮಿ ಬೆರಳು ಮಡಿಸಿ ಎಣಿಸಿದಳು. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ. ಎಣಿಸುತ್ತಿದ್ದ ಹಾಗೆ ಕಿವಿ ಬಿಸಿಯಾಯಿತು.

“ನಾಲ್ಕು ದಿನ! ನಾಲ್ಕು ದಿನದಿಂದ ನನಗೆ ನಿದ್ದೆ ಇಲ್ಲ. ನಿನ್ನೆ ಪಾಯಸಕ್ಕೆ ಉಪ್ಪು ಹಾಕಿದೀನಿ! ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ ನಿಮಗೆ?”

“ಬುಧವಾರ ಹೇಳಾಕ ಬಾಯಿ ತೆಗದೆ. ನೀವು ಮೆಟ್ಟಲ ಇಳದ ಬಿಟ್ರಿ.”

“ಕೂಗ್ಬೇಕಿತ್ತು!”

“ನಾಕು ಮಂದಿ ಕೇಳ್ತಿದ್ರಲ್ರಿ.”

ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ದೇವರು ಈ ಮನುಷ್ಯನನ್ನು ಮಾಡುವಾಗ ತಾಳ್ಮೆಯನ್ನು ಇವನಿಗೇ ಸುರಿದು, ತನ್ನನ್ನು ಮಾಡುವ ಹೊತ್ತಿಗೆ ಪಾತ್ರೆ ತೊಳೆದಿಟ್ಟಿದ್ದನೇನೋ.

“ಯಾಕೆ ಹೋಗಲ್ಲ ಅಂದ್ರಿ? ಅದನ್ನಾದ್ರೂ ಹೇಳಿ. ಕೇಳ್ತಾ ಇದೀನಿ. ಇವತ್ತು ಶುಕ್ರವಾರ, ಶುಕ್ರವಾರ ಕೇಳ್ತಾ ಇದೀನಿ.”

ರೇವಣಸಿದ್ದ ಕಿವಿಯ ಪೆನ್ಸಿಲಿಗೆ ಕೈ ಹಾಕಿ, ಸುಮ್ಮನೆ ಕೈ ಇಳಿಸಿದ. ಕತ್ತೆತ್ತಿ ಅವಳನ್ನು ನೇರವಾಗಿ ನೋಡಿದ. ಇಷ್ಟು ದಿನ ಹಲಗೆಯ ಕಡೆಗೇ ಜಾರುತ್ತಿದ್ದ ಕಣ್ಣು, ಈ ಸಲ ಜಾರಲಿಲ್ಲ.

“ಮಂಗಳವಾರ ನೀವು ಬಂದು ಒಂದು ತಾಸು ಬೈದ್ರಿ. ನನ್ನ ಸ್ಕ್ರೂ ಎಷ್ಟು, ಚಹಾ ಕುಡದದ್ದು ಎಷ್ಟು ಸಲ, ಯಾವ ದಿನ ಎಷ್ಟು ಗಂಟೆಗೆ ಬಂದೆ, ಎಲ್ಲಾ ನಿಮಗ ಬಾಯಿಪಾಠ ಇತ್ತು. ನನ್ನ ಅವ್ವಗೂ ಅಷ್ಟು ಗೊತ್ತಿಲ್ರಿ. ಇಂಥಾವರನ್ನ ಬಿಟ್ಟು ಸಮುದ್ರ ನೋಡ್ಕೋತ ಹ್ಯಾಂಗ ಇರೂದು ಅನಸ್ತು. ಜೀವ ಇಲ್ಲೇ ಐತ್ರಿ. ಇದಕ್ಕಿಂತ ಚಲೋ ಹೇಳಾಕ ನನಗ ಬರೂದಿಲ್ಲ.”

ಅವಳಿಗೂ ಅದಕ್ಕಿಂತ ಚೆನ್ನಾಗಿ ಕೇಳಲು ಬರುತ್ತಿರಲಿಲ್ಲ. ಮೋಡದ ಸಂದಿಯಿಂದ ಬಿದ್ದ ಎಳೆ ಬಿಸಿಲಿಗೆ ಹೊನ್ನೆಯ ಹಲಗೆಗಳು ಒಂದೊಂದಾಗಿ ಬೆಳಗಿದವು. ಅವಳು ಚಪ್ಪಲಿ ಬಿಟ್ಟು ಡೆಕ್ಕಿನ ಮೇಲೆ ಹೋಗಿ ಕೂತಳು. ಕಣ್ಣು ಒದ್ದೆಯಾಗಿತ್ತು. ಅದಕ್ಕೂ ಸಿಟ್ಟೇ ಬಂತು.

“ಕೂತ್ಕೊಳ್ಳಿ.”

“ಪಾಪಯ್ಯ ಬರೂದರಾಗ ಸ್ಕ್ರೂ…”

“ಕೂತ್ಕೊಳ್ಳಿ ಅಂದೆ.”

ಅವನು ಡೆಕ್ಕಿನ ಇನ್ನೊಂದು ತುದಿಯಲ್ಲಿ, ಬಾಡಿಗೆಗೆ ಮನೆ ಕೇಳಲು ಬಂದವನ ಹಾಗೆ, ಅಂಚಿನಲ್ಲಿ ಕೂತ.

“ಈ ಕಡೆ ಬನ್ನಿ.”

ಒಂದು ಹಲಗೆ ಸರಿದ.

“ಇನ್ನೂ.”

ಇನ್ನೊಂದು ಹಲಗೆ. ಮೆಟ್ಟಿಲ ಕಡೆ ನೋಡಿ, ಮತ್ತೊಂದು.

“ರೇವಣಸಿದ್ದ ಅವರೇ, ಹೀಗೆ ಒಂದೊಂದೇ ಹಲಗೆ ಸರಿದ್ರೆ ಶ್ರಾವಣ ಮುಗಿದು ದೀಪಾವಳಿ ಬರುತ್ತೆ. ಯಾವಾಗ ಮುಗಿಯುತ್ತೆ ಇದು?”

ಅವನು ನಡುವೆ ಉಳಿದ ಹಲಗೆಗಳನ್ನು ಕಣ್ಣಿನಲ್ಲೇ ಎಣಿಸಿದ. ಹುಬ್ಬಿನ ಕೊನೆಯಲ್ಲಿದ್ದ ನಗು ಈ ಸಲ ತುಟಿಯವರೆಗೆ ಬಂತು.

“ಇನ್ನ ನಾಕು ಅದಾವ್ರಿ.”

ಮಹಾಲಕ್ಷ್ಮಿ ನಿಟ್ಟುಸಿರು ಬಿಟ್ಟು, ಆ ನಾಲ್ಕನ್ನೂ ತಾನೇ ದಾಟಿದಳು.